ಒಂದೇ ಫಾರಂ ಎರಡೆರಡು ಸಲ ಬರುತ್ತಿದೆಯಾ? ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಕಳೆದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯಿಂದ ಫೋನ್ ಬಂತು. ಅವರ ಬುಕಿಂಗ್ ಫಾರಂ ಮಾಡಿಕೊಟ್ಟಿದ್ದು ನಾನೇ. "ತಮ್ಮಾ, ಒಂದೇ ಹೆಸರು ಮೂರು ಸಲ ಬಂದಿದೆ ನೋಡು. ನಮ್ಮಲ್ಲಿರೋದೇ ಮೂರು ರೂಮು. ಎಲ್ಲ ಭರ್ತಿ ಆಯ್ತು ಅಂದ್ಕೊಂಡು ಬೇರೆಯವರಿಗೆ ಇಲ್ಲ ಅಂದುಬಿಟ್ಟೆ" ಅಂದರು ಆ ಅಕ್ಕ. ಶನಿವಾರ ಬಂದಿದ್ದು ಒಂದೇ ಕುಟುಂಬ. ಎರಡು ರೂಮು ಖಾಲಿ ಉಳಿದವು.

ಆ ಕುಟುಂಬದವರು ಚಾರ್ಮಾಡಿ ಘಾಟಿಯ ದಾರಿಯಲ್ಲಿ, ನೆಟ್‌ವರ್ಕ್ ಬಂದು ಹೋಗಿ ಮಾಡುವಾಗ, ಕಾರಿನಲ್ಲೇ ಕೂತು ಬುಕ್ ಮಾಡಿದ್ದರು. ಬಟನ್ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು, ಮತ್ತೊಮ್ಮೆ ಒತ್ತಿದರು. ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು, ಅಲ್ವಾ? ಒತ್ತಿದವರದ್ದು ತಪ್ಪಲ್ಲ. ಒತ್ತಿದ ಮೇಲೂ ಏನೂ ಹೇಳದೆ ಕೂತ ಫಾರಂನದ್ದು ತಪ್ಪು. ಮೂರು ಸಲ ಬಂದ ಒಂದೇ ಮಾತನ್ನು ಮೂರು ಬೇರೆ ಬುಕಿಂಗ್ ಅಂತ ನಂಬಿದ, ಆ ಕಡೆ ಫಾರಂ ಪಡೆದು ಬರೆದಿಡುವ ಸರ್ವರ್‌ನದ್ದು ಇನ್ನೂ ದೊಡ್ಡ ತಪ್ಪು.

ಚಿಕ್ಕಮಗಳೂರು, ಹಾಸನ ಸುತ್ತ ಹೋಂಸ್ಟೇಗೆ, ಕಾಫಿಪುಡಿ ಅಂಗಡಿಗೆ, ಸಂಘಗಳಿಗೆ ಸಣ್ಣ ವೆಬ್‌ಸೈಟ್ ಮಾಡಿಕೊಡುವವರು, ಅದನ್ನು ನೋಡಿಕೊಳ್ಳುವವರು ಇದನ್ನು ಪಕ್ಕದಲ್ಲಿಟ್ಟುಕೊಂಡು ದೋಷ ಹುಡುಕಬಹುದು. ಸುಲಭದ, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಹೇಳುತ್ತೇನೆ. ಕೋಡ್ ಬರದವರೂ ಅರ್ಧದವರೆಗೆ ತಾವೇ ಮಾಡಬಹುದು.

## ಕೈ ಹಾಕುವ ಮೊದಲು

ಡಬಲ್ ಆಗಿರುವ ಸಾಲುಗಳನ್ನು ಈಗಲೇ ಅಳಿಸಬೇಡಿ. ಕಣ್ಣಿಗೆ ಕಸದಂತೆ ಕಂಡರೂ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಮೊದಲು ಡೇಟಾಬೇಸ್‌ನ ಪೂರ್ತಿ ಬ್ಯಾಕಪ್ ತೆಗೆದುಕೊಳ್ಳಿ. ಶೀಟ್‌ನಲ್ಲಿ ಬರುತ್ತಿದ್ದರೆ ಅದರ ಒಂದು ನಕಲು ಮಾಡಿಡಿ.

ಫಾರಂನಲ್ಲಿ ಹಣ ಕಟ್ಟುವ ಭಾಗ ಇದ್ದರೆ ನಿಜವಾದ ಹಣದಿಂದ ಪರೀಕ್ಷೆ ಮಾಡಲೇಬೇಡಿ. ಆನ್‌ಲೈನ್‌ನಲ್ಲಿ ಹಣ ಪಡೆದು ಕೊಡುವ ಪಾವತಿ ಗೇಟ್‌ವೇಗಳಲ್ಲಿ ಪರೀಕ್ಷೆಗೆ ಅಂತಲೇ ಟೆಸ್ಟ್ ಮೋಡ್ ಇರುತ್ತದೆ, ಅದನ್ನು ಬಳಸಿ. ಗಿರಾಕಿಗಳ ಹಣ ಈಗಾಗಲೇ ಎರಡು ಸಲ ಕಡಿತ ಆಗಿದ್ದರೆ ಉಳಿದದ್ದನ್ನೆಲ್ಲ ಬಿಟ್ಟು ನೇರ ಹಣದ ಭಾಗಕ್ಕೆ ಹೋಗಿ. ಅಲ್ಲಿಯವರೆಗೆ ಆನ್‌ಲೈನ್ ಪಾವತಿ ನಿಲ್ಲಿಸಿ, ಫೋನ್‌ನಲ್ಲೇ ಬುಕಿಂಗ್ ತೆಗೆದುಕೊಳ್ಳಿ. ಎರಡು ದಿನ ವ್ಯಾಪಾರ ನಿಧಾನ ಆದರೂ ಪರವಾಗಿಲ್ಲ.

## ಮೊದಲ ಪ್ರಶ್ನೆ: ಎರಡರ ನಡುವೆ ಎಷ್ಟು ಹೊತ್ತು?

ಇದೊಂದನ್ನು ಸರಿಯಾಗಿ ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಡಬಲ್ ಆದ ಒಂದು ಜೋಡಿ ಹಿಡಿದು, ಎರಡೂ ಯಾವ ಹೊತ್ತಿಗೆ ಬಂದಿವೆ ಅಂತ ಬರೆದುಕೊಳ್ಳಿ. ಒಂದೇ ಜೋಡಿ ಸಾಲದು, ಐದಾರು ಜೋಡಿ ನೋಡಿ.

ಎರಡೂ ಒಂದೇ ಸೆಕೆಂಡಿನಲ್ಲಿ ಬಂದಿದ್ದರೆ ಅದು ಬೇಸತ್ತು ಒತ್ತಿದ್ದಲ್ಲ. ಡಬಲ್ ಕ್ಲಿಕ್ ಆಗಿರಬೇಕು, ಇಲ್ಲವೇ ಪುಟದ ಕೋಡ್ ತಾನೇ ಎರಡು ಸಲ ಕಳಿಸುತ್ತಿರಬೇಕು. ಎರಡರಿಂದ ಇಪ್ಪತ್ತು ಸೆಕೆಂಡಿನ ಅಂತರ ಇದ್ದರೆ ಯಾರೋ ಕಾದು, ಏನೂ ಆಗದ್ದಕ್ಕೆ ಮತ್ತೆ ಒತ್ತಿದ್ದಾರೆ. ಅಂತರ ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ಅಂದರೆ ಎಲ್ಲ ಜೋಡಿಯಲ್ಲೂ 30 ಸೆಕೆಂಡ್ ಅಥವಾ 60 ಸೆಕೆಂಡ್, ಆಗ ಬೆರಳಿನ ಕಡೆ ನೋಡಬೇಡಿ. ಮನುಷ್ಯ ಅಷ್ಟು ಲೆಕ್ಕ ಹಾಕಿ ಒತ್ತುವುದಿಲ್ಲ. ಎಲ್ಲೋ ಒಂದು ಕಾಯುವ ಅವಧಿ (ಟೈಮ್‌ಔಟ್) ಮುಗಿದು ಯಂತ್ರವೇ ಮರುಪ್ರಯತ್ನ ಮಾಡುತ್ತಿದೆ. ಇನ್ನು ಹತ್ತು ನಿಮಿಷ, ಅರ್ಧ ದಿನ, ಮಾರನೇ ಬೆಳಿಗ್ಗೆ ಹೀಗೆ ಬಂದಿದ್ದರೆ ಅದು ರಿಫ್ರೆಶ್ ಅಥವಾ ಹಿಂದಕ್ಕೆ ಹೋಗುವ ಬಟನ್‌ನ ಕೆಲಸ.

ಒಂದು ಮಾತು ನೆನಪಿರಲಿ. ಬಹಳಷ್ಟು ಸರ್ವರ್‌ಗಳು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಬರೆದಿಡುತ್ತವೆ. ನಮ್ಮ ಗಡಿಯಾರಕ್ಕೆ ಹೋಲಿಸಿದರೆ ಐದೂವರೆ ಗಂಟೆ ಹಿಂದೆ. ಗಿರಾಕಿ ಸಂಜೆ 7ಕ್ಕೆ ಬುಕ್ ಮಾಡಿದೆ ಅಂದರೆ ಸರ್ವರ್ ಬರೆದಿಟ್ಟ ಲಾಗ್‌ನಲ್ಲಿ ಮಧ್ಯಾಹ್ನ 1:30ರ ಹತ್ತಿರ ಹುಡುಕಬೇಕು. ಇದು ಗೊತ್ತಿಲ್ಲದೆ ಇಡೀ ಸಂಜೆ ತಪ್ಪು ಜಾಗದಲ್ಲಿ ಹುಡುಕುವವರಿದ್ದಾರೆ.

## ಲಕ್ಷಣ: ಒಂದೇ ಸೆಕೆಂಡಿನಲ್ಲಿ ಎರಡು ಬಂದಿವೆ

ಮೊದಲು ಮೌಸ್ ನೋಡಿ. ನಿಜವಾಗಿ ಹೇಳುತ್ತಿದ್ದೇನೆ. ವರ್ಷಗಟ್ಟಲೆ ಓಡಿದ ಮೌಸ್‌ನ ಎಡ ಬಟನ್ ಒಳಗೆ ಸವೆದು, ಒಂದು ಸಲ ಒತ್ತಿದರೂ ಎರಡು ಕ್ಲಿಕ್ ಕೊಡುತ್ತದೆ. ದಿನಕ್ಕೆ ನೂರಾರು ಅರ್ಜಿ ತುಂಬುವ ಸೈಬರ್ ಸೆಂಟರ್‌ಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಡಬಲ್ ಬರುವುದು ಒಂದೇ ಕಂಪ್ಯೂಟರ್‌ನಿಂದ ಆದರೆ ಬೇರೆ ಮೌಸ್ ಹಾಕಿ ನೋಡಿ. ಮೌಸ್ ಮುಟ್ಟದೆ, ಫಾರಂನ ಕೊನೆಯ ಖಾನೆಯಲ್ಲಿ ಎಂಟರ್ ಒತ್ತಿಯೂ ನೋಡಿ. ಎಂಟರ್‌ನಲ್ಲಿ ಒಂದೇ ಬಂದು ಕ್ಲಿಕ್‌ನಲ್ಲಿ ಎರಡು ಬಂದರೆ ಸಂಶಯ ಮೌಸ್ ಮೇಲೆ, ಇಲ್ಲವೇ ಕ್ಲಿಕ್‌ಗೆ ಕಟ್ಟಿದ ಕೋಡ್ ಮೇಲೆ.

ಗಾಬರಿಯಲ್ಲಿ ಎರಡು ಸಲ ಟಪಟಪ ಅಂತ ಒತ್ತುವ ಅಭ್ಯಾಸವೂ ಇದೆ. ಕಂಪ್ಯೂಟರ್‌ನಲ್ಲಿ ಫೋಲ್ಡರ್ ತೆರೆಯಲು ಡಬಲ್ ಕ್ಲಿಕ್ ಕಲಿತ ಹಿರಿಯರು ವೆಬ್ ಬಟನ್‌ಗೂ ಹಾಗೇ ಮಾಡುತ್ತಾರೆ. ಅವರಿಗೆ ಹಾಗೆ ಒತ್ತಬೇಡಿ ಅಂತ ಹೇಳುವುದು ಪರಿಹಾರ ಅಲ್ಲ. ಹಾಗೆ ಒತ್ತಿದರೂ ತೊಂದರೆ ಆಗದಂತೆ ಮಾಡಬೇಕಾದ್ದು ನಮ್ಮ ಕೆಲಸ.

ಎಲ್ಲ ಕಂಪ್ಯೂಟರ್‌ನಿಂದಲೂ ಹೀಗೇ ಆಗುತ್ತಿದ್ದರೆ ಕೋಡ್ ನೋಡುವ ಹೊತ್ತು ಬಂತು. ಕ್ರೋಮ್‌ನಲ್ಲಿ ಫಾರಂ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಅನ್ನುವ ಕಡೆ ಹೋಗಿ, ಪ್ರಿಸರ್ವ್ ಲಾಗ್ ಗುರುತು ಹಾಕಿ. ಅದು ಹಾಕದಿದ್ದರೆ ಪುಟ ಬದಲಾದ ತಕ್ಷಣ ಹಳೆಯ ಪಟ್ಟಿ ಮಾಯವಾಗುತ್ತದೆ. ಈಗ ಒಂದೇ ಒಂದು ಸಲ ಬಟನ್ ಒತ್ತಿ. ಪಟ್ಟಿಯಲ್ಲಿ ಎಷ್ಟು ಪೋಸ್ಟ್ ವಿನಂತಿ, ಅಂದರೆ ತುಂಬಿದ ವಿವರವನ್ನು ಸರ್ವರ್‌ಗೆ ಒಯ್ಯುವ ವಿನಂತಿ, ಹೋಗಿವೆ ಅಂತ ಎಣಿಸಿ. ಪಕ್ಕದಲ್ಲಿ ಆಪ್ಷನ್ಸ್ ಅನ್ನುವ ವಿನಂತಿ ಕಂಡರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬೇರೆ ಡೊಮೇನ್‌ಗೆ ಕಳಿಸುವ ಮೊದಲು ಬ್ರೌಸರ್ ಕೇಳುವ ಅನುಮತಿ ಅದು, ಡಬಲ್ ಅಲ್ಲ.

ಎರಡು ಪೋಸ್ಟ್ ಕಂಡರೆ ಇನಿಷಿಯೇಟರ್ ಅನ್ನುವ ಕಾಲಂ ನೋಡಿ. ಯಾವ ಕಡತದ ಯಾವ ಸಾಲಿನಿಂದ ಹೋಯಿತು ಅಂತ ಅಲ್ಲಿ ಇರುತ್ತದೆ. ಸಾಮಾನ್ಯವಾಗಿ ಸಿಗುವ ಕಾರಣಗಳು ಇವು. ಫಾರಂ ಒಳಗಿನ ಬಟನ್‌ಗೆ ಟೈಪ್ ಏನು ಅಂತ ಹೇಳದಿದ್ದರೆ ಅದು ತಾನಾಗಿಯೇ ಸಬ್‌ಮಿಟ್ ಬಟನ್. ಅದರ ಕ್ಲಿಕ್‌ಗೆ ಇನ್ನೊಂದು ಕಳಿಸುವ ಕೋಡ್ ಕಟ್ಟಿದರೆ, ಕೋಡ್ ಒಂದು ಕಳಿಸುತ್ತದೆ, ಫಾರಂ ತಾನೊಂದು ಕಳಿಸುತ್ತದೆ. ಎಂಟರ್ ಕೀಗೆ ಬೇರೆ ಕೋಡ್ ಬರೆದಿದ್ದರೂ ಇದೇ ಕಥೆ. ಇದಕ್ಕೆ ಮದ್ದು ಸುಲಭ. ಕಳಿಸುವ ಕೋಡ್ ಒಂದೇ ಕಡೆ ಇರಲಿ, ಫಾರಂನ ಸಬ್‌ಮಿಟ್ ಘಟನೆಗೆ ಮಾತ್ರ ಕಟ್ಟಿ, ಅಲ್ಲಿ ಬ್ರೌಸರ್‌ನ ಸ್ವಂತ ಕಳಿಸುವಿಕೆಯನ್ನು ತಡೆಯಿರಿ.

ಇನ್ನೊಂದು ಬಗೆ ಸ್ವಲ್ಪ ಮೋಸ ಮಾಡುವಂಥದ್ದು. ಪುಟ ತೆರೆದು ಮೊದಲ ಸಲ ಕಳಿಸಿದಾಗ ಒಂದೇ ಹೋಗುತ್ತದೆ. ಅದೇ ಪುಟದಲ್ಲಿ ಫಾರಂ ಮುಚ್ಚಿ ಮತ್ತೆ ತೆರೆದು ಕಳಿಸಿದರೆ ಎರಡು, ಮೂರನೇ ಸಲ ಮೂರು. ಹೀಗೆ ಏರುತ್ತಾ ಹೋದರೆ ಪಾಪ್ಅಪ್ ತೆರೆದಾಗಲೆಲ್ಲ ಹೊಸ ಲಿಸನರ್ (ಒತ್ತುವುದನ್ನೇ ಕಾದು ಓಡುವ ಕೋಡ್) ಸೇರುತ್ತಿದೆ ಅಂತ ಅರ್ಥ. ಹೆಸರಿರುವ ಅದೇ ಫಂಕ್ಷನ್ ಅನ್ನು ಎರಡು ಸಲ ಸೇರಿಸಿದರೆ ಬ್ರೌಸರ್ ಒಂದೇ ಅಂತ ಹಿಡಿಯುತ್ತದೆ. ಹೆಸರಿಲ್ಲದ ಫಂಕ್ಷನ್ ಆದರೆ ಪ್ರತಿ ಸಲವೂ ಹೊಸದು ಅಂತಲೇ ಸೇರಿಸಿಕೊಳ್ಳುತ್ತದೆ. ರಿಯಾಕ್ಟ್ ಬಳಸುವವರು ಇನ್ನೊಂದು ನೋಡಿ: ಕಳಿಸುವ ಕೋಡ್ ಎಫೆಕ್ಟ್ ಒಳಗೆ ಇದ್ದರೆ, 18ನೇ ಆವೃತ್ತಿಯಿಂದ ಸ್ಟ್ರಿಕ್ಟ್ ಮೋಡ್‌ನಲ್ಲಿ ಅಭಿವೃದ್ಧಿ ಹಂತದಲ್ಲಿ ಎಫೆಕ್ಟ್ ಬೇಕೆಂದೇ ಎರಡು ಸಲ ಓಡುತ್ತದೆ. ಸ್ಟ್ರಿಕ್ಟ್ ಮೋಡ್ ತೆಗೆದು ಸುಮ್ಮನಾಗಬೇಡಿ. ಕೋಡ್ ಇರಬಾರದ ಜಾಗದಲ್ಲಿದೆ ಅಂತ ಅದು ಎಚ್ಚರಿಸುತ್ತಿದೆ.

## ಲಕ್ಷಣ: ಕೆಲವು ಸೆಕೆಂಡಿನ ಅಂತರ, ಅದೂ ಹೆಚ್ಚಾಗಿ ಮೊಬೈಲ್‌ನಿಂದ

ನಮ್ಮ ಕಡೆ ಜಾಸ್ತಿ ಇರುವುದು ಇದೇ. ಊರಿನ ಎಂ.ಜಿ. ರಸ್ತೆಯ ಆಫೀಸಿನಲ್ಲಿ ಕೂತು ಪರೀಕ್ಷೆ ಮಾಡಿದರೆ ಇದು ಕಾಣುವುದೇ ಇಲ್ಲ. ಅಲ್ಲಿ ಬಟನ್ ಒತ್ತಿದ ಅರ್ಧ ಸೆಕೆಂಡಿಗೆ ಉತ್ತರ ಬರುತ್ತದೆ. ಕಳಸದಲ್ಲೋ, ಆಲ್ದೂರಿನ ಆಚೆ ತೋಟದ ನಡುವೆಯೋ ಅದೇ ಉತ್ತರ ಹತ್ತು ಸೆಕೆಂಡ್ ತೆಗೆದುಕೊಳ್ಳಬಹುದು. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ ಟವರ್‌ನ ಬ್ಯಾಟರಿಯೂ ಇಳಿದರೆ ಇನ್ನೂ ಹೆಚ್ಚು.

ಪರೀಕ್ಷೆ ಹೀಗೆ. ಮತ್ತೆ ಎಫ್12, ನೆಟ್‌ವರ್ಕ್. ಅಲ್ಲೇ ಮೇಲೆ ನೆಟ್‌ವರ್ಕ್ ವೇಗ ಇಳಿಸುವ ಪಟ್ಟಿ ಇದೆ, ಅದರಲ್ಲಿ 3ಜಿ ಆರಿಸಿ. ಈಗ ಫಾರಂ ಕಳಿಸಿ, ಕೈ ಕಟ್ಟಿ ಕೂತು ಪರದೆ ನೋಡಿ. ಏನಾದರೂ ಬದಲಾಯಿತಾ? ಬಟನ್ ಬಣ್ಣ ಬದಲಾಯಿತಾ? "ಕಳುಹಿಸುತ್ತಿದ್ದೇವೆ" ಅಂತ ಬಂತಾ? ಬರದಿದ್ದರೆ ನಿಮ್ಮ ಗಿರಾಕಿಗೆ ಕಾಣುತ್ತಿರುವುದೂ ಇದೇ ಮೌನ.

ಸರಿಪಡಿಸಲು ಎರಡು ಕೆಲಸ ಒಟ್ಟಿಗೆ ಮಾಡಬೇಕು. ಒಂದು, ಒತ್ತಿದ ತಕ್ಷಣ ಮಾತಾಡಿ. "ನಿಮ್ಮ ಬುಕಿಂಗ್ ಹೋಗುತ್ತಿದೆ. ನೆಟ್‌ವರ್ಕ್ ನಿಧಾನ ಇದ್ದರೆ ಅರ್ಧ ನಿಮಿಷ ಆಗಬಹುದು, ಪುಟ ಮುಚ್ಚಬೇಡಿ" ಅಂತ ಕನ್ನಡದಲ್ಲೇ ಬರೆಯಿರಿ. ಸುಮ್ನೆ ತಿರುಗುವ ಚಕ್ರಕ್ಕಿಂತ ಈ ಒಂದು ಸಾಲು ಎಷ್ಟೋ ಮೇಲು. ಎರಡನೆಯದು, ಬಟನ್‌ಗೆ ಬೀಗ ಹಾಕಿ.

ಬೀಗ ಹಾಕುವಾಗ ಆಗುವ ತಪ್ಪುಗಳೇ ಹೆಚ್ಚು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕ್ಲಿಕ್ ಆದಾಗಲೇ ಬಟನ್ ಡಿಸೇಬಲ್ ಮಾಡಿದರೆ ಫಾರಂ ಹೋಗದೇ ಇರಬಹುದು, ಯಾಕಂದರೆ ಕಳಿಸಬೇಕಾದ ಬಟನ್ನೇ ಆ ಹೊತ್ತಿಗೆ ಸತ್ತಿರುತ್ತದೆ. ಇನ್ನೊಂದು ತೊಂದರೆ, ಫೋನ್ ನಂಬರ್ ಖಾಲಿ ಬಿಟ್ಟಿದ್ದಕ್ಕೆ ಬ್ರೌಸರ್ ತಡೆದರೂ ಬಟನ್‌ಗೆ ಮಾತ್ರ ಬೀಗ ಬಿದ್ದಿರುತ್ತದೆ. ಗಿರಾಕಿ ನಂಬರ್ ಬರೆದು ಮತ್ತೆ ಒತ್ತಲು ಹೋದರೆ ಆಗುವುದಿಲ್ಲ. ಅದಕ್ಕೇ ಬೀಗ ಯಾವಾಗಲೂ ಸಬ್‌ಮಿಟ್ ಘಟನೆಯಲ್ಲಿ ಹಾಕಬೇಕು. ಖಾನೆಗಳ ತಪಾಸಣೆ ಪಾಸಾದ ಮೇಲೆ ಬರುವ ಘಟನೆ ಅದು.

"ಉಳಿಸು", "ಕಳಿಸು" ಅಂತ ಎರಡು ಬಟನ್ ಇದ್ದು, ಯಾವುದು ಒತ್ತಿದರು ಅಂತ ಸರ್ವರ್ ಆ ಬಟನ್‌ನ ಹೆಸರಿನಿಂದ ತಿಳಿಯುತ್ತಿದ್ದರೆ ಮತ್ತೊಂದು ತೊಂದರೆ ಇದೆ. ಡಿಸೇಬಲ್ ಆದ ಬಟನ್‌ನ ಮೌಲ್ಯ ಸರ್ವರ್‌ಗೆ ಹೋಗುವುದೇ ಇಲ್ಲ. ಅಂಥ ಕಡೆ ಡಿಸೇಬಲ್ ಮಾಡುವ ಬದಲು "ಆಗಲೇ ಕಳಿಸಿದೆ" ಅನ್ನುವ ಒಂದು ಗುರುತನ್ನು ಕೋಡ್‌ನಲ್ಲಿ ಇಟ್ಟುಕೊಂಡು, ಎರಡನೇ ಸಲ ಬಂದದ್ದನ್ನು ತಡೆಯುವುದು ವಾಸಿ. ನಾನು ಈಗ ಎಲ್ಲ ಕಡೆ ಇದನ್ನೇ ಮಾಡುತ್ತೇನೆ.

ಮತ್ತೆ, ಬೀಗ ತೆಗೆಯುವುದನ್ನು ಮರೆಯಬೇಡಿ. ನೆಟ್‌ವರ್ಕ್ ಕೈಕೊಟ್ಟು ವಿನಂತಿ ಬಿದ್ದುಹೋದರೆ ಬಟನ್ ಮತ್ತೆ ಜೀವಂತ ಆಗಬೇಕು. ಹಿಂದಿನ ಪುಟಕ್ಕೆ ಹೋದಾಗಲೂ ಬ್ರೌಸರ್ ಪುಟವನ್ನು ಹೇಗಿತ್ತೋ ಹಾಗೇ, ಬೀಗದ ಸಮೇತ, ನೆನಪಿನಿಂದ ತಂದು ತೋರಿಸುತ್ತದೆ. "ಬಟನ್ ಬೂದು ಬಣ್ಣಕ್ಕೆ ತಿರುಗಿ ಅಲ್ಲೇ ನಿಂತಿದೆ" ಅನ್ನುವ ದೂರು ಬಂದರೆ ಕಾರಣ ಇದೇ. ಪೇಜ್‌ಶೋ ಘಟನೆಯಲ್ಲಿ ಪುಟ ನೆನಪಿನಿಂದ ಬಂದಿದೆಯಾ ಅಂತ ನೋಡಿ ಬೀಗ ತೆಗೆಯಿರಿ.

ಇಷ್ಟೆಲ್ಲ ಮಾಡಿದರೂ ಬಟನ್ ಬೀಗ ಒಂದು ಸೌಜನ್ಯ ಮಾತ್ರ. ಜಾವಾಸ್ಕ್ರಿಪ್ಟ್ ಕಡತ ಇಳಿಯುವ ಮೊದಲೇ ಒತ್ತಿದರೆ ಬೀಗವೇ ಇರುವುದಿಲ್ಲ. ನಿಧಾನ ನೆಟ್‌ವರ್ಕ್‌ನಲ್ಲಿ ಆಗುವುದು ಅದೇ. ಇದನ್ನೇ ನಂಬಿ ಕೂರಬೇಡಿ, ಮುಂದೆ ಓದಿ.

## ಲಕ್ಷಣ: ಮಾರನೇ ದಿನ ಅದೇ ಆರ್ಡರ್ ಮತ್ತೆ ಬಂತು

ಕಾಫಿಪುಡಿ ಆರ್ಡರ್ ಕಳಿಸಿದ ಮೇಲೆ "ಧನ್ಯವಾದ" ಪುಟ ಬರುತ್ತದೆ. ಆ ಪುಟದಲ್ಲಿ ರಿಫ್ರೆಶ್ ಒತ್ತಿ. ಫಾರಂ ಮತ್ತೆ ಕಳಿಸಬೇಕಾ ಅಂತ ಬ್ರೌಸರ್ ಕೇಳಿದರೆ ದೋಷ ಸಿಕ್ಕಿತು. ಆ ಧನ್ಯವಾದ ಪುಟ ಪೋಸ್ಟ್ ವಿನಂತಿಗೇ ನೇರ ಉತ್ತರವಾಗಿ ಬಂದಿದೆ. ರಿಫ್ರೆಶ್ ಅಂದರೆ ಬ್ರೌಸರ್‌ಗೆ ಆ ಪೋಸ್ಟ್ ಅನ್ನೇ ಮತ್ತೆ ಕಳಿಸುವುದು. ಮುಂದುವರಿಸು ಅಂತ ಒತ್ತಿಬಿಟ್ಟರೆ ಇನ್ನೊಂದು ಅರ್ಧ ಕೇಜಿ ಪ್ಯಾಕೆಟ್ ಹೊರಡುತ್ತದೆ.

ಪರಿಹಾರ ಹಳೆಯದು, ಗಟ್ಟಿಯಾದದ್ದು. ಪೋಸ್ಟ್ ಬಂದು ದಾಖಲೆ ಆದ ಮೇಲೆ ಸರ್ವರ್ ಪುಟ ಕೊಡಬಾರದು, 303 ಅನ್ನುವ ಉತ್ತರದ ಜೊತೆ "ಆ ಪುಟಕ್ಕೆ ಹೋಗು" ಅಂತ ಕಳಿಸಬೇಕು. ಬ್ರೌಸರ್ ಗೆಟ್ ವಿನಂತಿಯಿಂದ, ಅಂದರೆ ಪುಟ ಕೊಡು ಅಂತ ಮಾತ್ರ ಕೇಳುವ ವಿನಂತಿಯಿಂದ, ಆ ಪುಟ ತರುತ್ತದೆ. ಆಮೇಲೆ ನೂರು ಸಲ ರಿಫ್ರೆಶ್ ಮಾಡಿದರೂ ಬರುವುದು ಧನ್ಯವಾದ ಪುಟ ಮಾತ್ರ. 302 ಕೊಟ್ಟರೂ ಈಗಿನ ಬ್ರೌಸರ್‌ಗಳು ಗೆಟ್ ಆಗಿಯೇ ಹೋಗುತ್ತವೆ, ಆದರೆ ಈ ಕೆಲಸಕ್ಕೆಂದೇ ಇರುವುದು 303. 307, 308 ಬಳಸಬೇಡಿ. ಅವು ಪೋಸ್ಟ್ ಅನ್ನು ಪೋಸ್ಟ್ ಆಗಿಯೇ ಮುಂದಿನ ವಿಳಾಸಕ್ಕೆ ದಾಟಿಸುತ್ತವೆ, ತುಂಬಿದ ವಿವರದ ಸಮೇತ.

ಇದರ ಅಣ್ಣತಮ್ಮ ಒಂದಿದೆ. "ಬುಕಿಂಗ್ ಖಚಿತಪಡಿಸಲು ಇಲ್ಲಿ ಒತ್ತಿ" ಅಂತ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ ಕಳಿಸುತ್ತೀರಿ, ಲಿಂಕ್ ತೆರೆದರೆ ಸಾಕು ಖಚಿತ ಆಗಿಬಿಡುತ್ತದೆ. ಇದು ಅಪಾಯ. ಲಿಂಕ್‌ನ ಚಿತ್ರ, ಶೀರ್ಷಿಕೆ ತೋರಿಸಲು ಆ್ಯಪ್ ಆ ಪುಟವನ್ನು ಮೊದಲೇ ಒಮ್ಮೆ ತರುತ್ತದೆ. ಇಮೇಲ್‌ನಲ್ಲಿ ಕಳಿಸಿದರೆ ವೈರಸ್ ತಪಾಸಣೆ ಮಾಡುವ ತಂತ್ರಾಂಶವೂ ತೆರೆಯಬಹುದು. ಯಾರೂ ಒತ್ತದೆಯೇ ಖಚಿತ, ಯಾರೂ ಒತ್ತದೆಯೇ ರದ್ದು. ಗೆಟ್ ವಿನಂತಿ ನೋಡುವುದಕ್ಕೆ ಮಾತ್ರ. ಲಿಂಕ್ ತೆರೆದಾಗ ಒಂದು ಬಟನ್ ತೋರಿಸಿ, ಆ ಬಟನ್ ಪೋಸ್ಟ್ ಮಾಡಲಿ.

ಗೂಗಲ್ ಫಾರ್ಮ್ಸ್ ಬಳಸುವವರ ಕೈಯಲ್ಲಿ ಕೋಡ್ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಒಬ್ಬರಿಗೆ ಒಂದೇ ಉತ್ತರ ಅನ್ನುವ ಆಯ್ಕೆ ಇದೆ, ಆದರೆ ಅದಕ್ಕೆ ತುಂಬುವವರು ಗೂಗಲ್ ಖಾತೆಯಿಂದ ಲಾಗಿನ್ ಆಗಬೇಕು. ಅದು ಆಗದಿದ್ದರೆ ಕೊನೆಯ ಪುಟದಲ್ಲಿ ಬರುವ "ಇನ್ನೊಂದು ಉತ್ತರ ಕಳಿಸಿ" ಲಿಂಕ್ ಆದರೂ ತೆಗೆಯಿರಿ. ಹೋಯಿತೋ ಇಲ್ಲವೋ ಅನ್ನುವ ಅನುಮಾನದಲ್ಲೇ ಎಷ್ಟೋ ಜನ ಅದನ್ನು ಒತ್ತುತ್ತಾರೆ.

## ಲಕ್ಷಣ: ಬ್ರೌಸರ್‌ನಲ್ಲಿ ಒಂದೇ ಹೋಗಿದೆ, ಡೇಟಾಬೇಸ್‌ನಲ್ಲಿ ಎರಡಿದೆ

ಈಗ ಸರ್ವರ್‌ನ ಲಾಗ್ ಬೇಕು. ಅದನ್ನು ನೋಡಿ ಅಭ್ಯಾಸ ಇಲ್ಲದವರು ಇಲ್ಲಿಗೆ ನಿಲ್ಲಿಸಿ, ಹೋಸ್ಟಿಂಗ್ ನೋಡಿಕೊಳ್ಳುವವರನ್ನು ಕರೆಯಿರಿ. ಕರೆಯುವಾಗ ಡಬಲ್ ಆದ ಜೋಡಿಯ ಸಮಯ, ನಡುವಿನ ಅಂತರ, ಎಫ್12ರ ಚಿತ್ರ ಕೈಯಲ್ಲಿರಲಿ.

ಲಾಗ್‌ನಲ್ಲೂ ಒಂದೇ ಪೋಸ್ಟ್ ಇದ್ದರೆ ದೋಷ ನಿಮ್ಮ ಕೋಡ್‌ನಲ್ಲೇ ಇದೆ. ಉಳಿಸುವ ಸಾಲು ಎರಡು ಕಡೆ ಇರಬಹುದು, ಇಲ್ಲವೇ ಹಿನ್ನೆಲೆಯ ಕ್ಯೂ ಕೆಲಸ, ಅಂದರೆ ಆಮೇಲೆ ಮಾಡಲು ಸಾಲಿನಲ್ಲಿಟ್ಟ ಕೆಲಸ, ಅರ್ಧದಲ್ಲಿ ಬಿದ್ದು ಮೊದಲಿನಿಂದ ಓಡಿರಬಹುದು. ದಾಖಲೆ ಒಂದೇ ಇದ್ದು ಎಸ್ಎಂಎಸ್ ಮಾತ್ರ ಎರಡು ಹೋಗಿದ್ದರೂ ಮೊದಲು ಕ್ಯೂ ನೋಡಿ.

ಲಾಗ್‌ನಲ್ಲಿ ಎರಡು ಪೋಸ್ಟ್ ಇದ್ದರೆ ನಡುವೆ ಯಾರೋ ಮತ್ತೆ ಕಳಿಸಿದ್ದಾರೆ. ಎನ್‌ಜಿನ್ಎಕ್ಸ್ ಅಂದರೆ ವಿನಂತಿಗಳನ್ನು ಮೊದಲು ಪಡೆದು ಹಿಂದಿನ ಸರ್ವರ್‌ಗೆ ದಾಟಿಸುವ ತಂತ್ರಾಂಶ. ಅದರ ಹಿಂದೆ ಎರಡು ಸರ್ವರ್ ಇಟ್ಟಿದ್ದರೆ, ಒಂದು ಉತ್ತರ ಕೊಡದಿದ್ದಾಗ ಅದು ಇನ್ನೊಂದಕ್ಕೆ ಕಳಿಸುತ್ತದೆ. 1.9.13ನೇ ಆವೃತ್ತಿಯಿಂದ ಈಚೆಗೆ, ಒಂದು ಸರ್ವರ್‌ಗೆ ಕಳಿಸಿಯಾದ ಪೋಸ್ಟ್ ಅನ್ನು ಅದು ತಾನಾಗಿ ಇನ್ನೊಂದಕ್ಕೆ ಕಳಿಸುವುದಿಲ್ಲ. ಆದರೆ ಯಾರಾದರೂ ಸೆಟ್ಟಿಂಗ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟಿದ್ದರೆ ಕಳಿಸುತ್ತದೆ.

ಇದಕ್ಕಿಂತ ಹೆಚ್ಚಾಗಿ ನೋಡಿದ್ದು ಇನ್ನೊಂದು. ಎನ್‌ಜಿನ್ಎಕ್ಸ್ ಹಿಂದಿನ ಸರ್ವರ್‌ನ ಉತ್ತರಕ್ಕೆ ಸಾಮಾನ್ಯವಾಗಿ 60 ಸೆಕೆಂಡ್ ಕಾಯುತ್ತದೆ, ಆಮೇಲೆ 504 ತೋರಿಸುತ್ತದೆ. ಗಿರಾಕಿಗೆ ಕಂಡಿದ್ದು "ತಪ್ಪಾಗಿದೆ" ಅನ್ನುವ ಪುಟ. ಆದರೆ ಹಿಂದೆ ದಾಖಲೆ ಆಗಲೇ ಆಗಿಬಿಟ್ಟಿದೆ. ಪಾಪ, ಅವರು ಪ್ರಾಮಾಣಿಕವಾಗಿ ಮತ್ತೆ ತುಂಬುತ್ತಾರೆ. 60 ಸೆಕೆಂಡ್ ಯಾಕೆ ಬೇಕಾಯಿತು ಅಂತ ಹುಡುಕಿದರೆ, ದಾಖಲೆ ಆದ ಮೇಲೆ ಅದೇ ಉಸಿರಿನಲ್ಲಿ ಇಮೇಲ್ ಕಳಿಸುವ ಕೋಡ್ ಸಿಗುತ್ತದೆ. ಮೇಲ್ ಸರ್ವರ್ ನಿಧಾನ, ಅದಕ್ಕಾಗಿ ಎಲ್ಲರೂ ಕಾಯಬೇಕು. ಇಮೇಲ್ ಅನ್ನು ಕ್ಯೂಗೆ ಹಾಕಿ, ಗಿರಾಕಿಗೆ ಉತ್ತರ ಮೊದಲು ಕೊಡಿ.

## ಲಕ್ಷಣ: ಎಲ್ಲ ಸರಿಪಡಿಸಿದೆ, ಆದರೂ ಆಗಾಗ ಒಂದು ಡಬಲ್ ಬರುತ್ತದೆ

ನನ್ನ ಮಟ್ಟಿಗೆ ಈ ಭಾಗವೇ ಮುಖ್ಯ. ಮೇಲಿನದೆಲ್ಲ ಮಾಡಲು ಹೊತ್ತಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ಸಾಮಾನ್ಯವಾಗಿ ಕೋಡ್ ಹೀಗಿರುತ್ತದೆ: ಈ ಬುಕಿಂಗ್ ಆಗಲೇ ಇದೆಯಾ ಅಂತ ಡೇಟಾಬೇಸ್ ಕೇಳು, ಇಲ್ಲ ಅಂದರೆ ಸೇರಿಸು. ನೋಡಲು ಸರಿಯಾಗಿದೆ. ಆದರೆ ಎರಡು ವಿನಂತಿ ಒಟ್ಟಿಗೆ ಬಂದಾಗ ಇಬ್ಬರೂ ಒಂದೇ ಹೊತ್ತಿಗೆ ಕೇಳುತ್ತಾರೆ, ಇಬ್ಬರಿಗೂ "ಇಲ್ಲ" ಅಂತ ಉತ್ತರ ಬರುತ್ತದೆ, ಇಬ್ಬರೂ ಸೇರಿಸುತ್ತಾರೆ. ಕೇಳುವುದಕ್ಕೂ ಸೇರಿಸುವುದಕ್ಕೂ ನಡುವೆ ಇರುವ ಕೂದಲೆಳೆಯಷ್ಟು ಸಂದಿನಲ್ಲಿ ಡಬಲ್ ನುಗ್ಗುತ್ತದೆ.

ಕಾಫಿ ತೋಟದಲ್ಲಿ ಕುಯ್ಲಿನ ಹೊತ್ತು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಂಜೆ ಚೀಲಗಳು ಸಾಲಾಗಿ ತೂಕಕ್ಕೆ ಬರುತ್ತವೆ. ತೋಟದ ಲೆಕ್ಕ ನೋಡುವ ರೈಟರ್ ಪುಸ್ತಕದಲ್ಲಿ ಹೆಸರು, ಕೇಜಿ ಬರೆಯುತ್ತಾರೆ. "ಇದು ತೂಗಿ ಆಯ್ತಾ?" ಅಂತ ಇಬ್ಬರು ಇಬ್ಬರನ್ನು ಕೇಳಿದರೆ ಗೊಂದಲವೇ. ಚೀಲಕ್ಕೇ ಒಂದು ನಂಬರಿನ ಚೀಟಿ ಕಟ್ಟಿ, ಪುಸ್ತಕದಲ್ಲಿ ಒಂದು ನಂಬರಿಗೆ ಒಂದೇ ಸಾಲು ಅಂತ ಮಾಡಿದರೆ ಯಾರನ್ನೂ ಕೇಳಬೇಕಾಗಿಲ್ಲ. ಅದೇ ಚೀಲ ಮತ್ತೆ ತಕ್ಕಡಿಗೆ ಬಂದರೂ ಬರೆಯಲು ಜಾಗವೇ ಇಲ್ಲ.

ಫಾರಂಗೂ ಅಂಥದ್ದೇ ಚೀಟಿ ಕಟ್ಟಬೇಕು. ಫಾರಂ ತೋರಿಸುವಾಗಲೇ ಒಂದು ಯುಯುಐಡಿ, ಅಂದರೆ ಬೇರೆಲ್ಲೂ ಬಾರದಂಥ ಉದ್ದದ ಗುರುತು, ಹುಟ್ಟಿಸಿ ಗುಪ್ತ ಖಾನೆಯಲ್ಲಿ ಇಡಿ. ಬಟನ್ ಒತ್ತಿದಾಗ ಹುಟ್ಟಿಸಬೇಡಿ, ಆಗ ಪ್ರತಿ ಒತ್ತಿಗೂ ಹೊಸ ಚೀಟಿ ಬಂದು ಅರ್ಥವೇ ಇರುವುದಿಲ್ಲ. ಡೇಟಾಬೇಸ್‌ನಲ್ಲಿ ಆ ಕಾಲಂಗೆ ಯುನೀಕ್ ನಿರ್ಬಂಧ, ಅಂದರೆ ಒಂದು ಚೀಟಿಗೆ ಒಂದೇ ಸಾಲು ಅನ್ನುವ ನಿಯಮ, ಹಾಕಿ. ಇನ್ನು ಮೊದಲು ಕೇಳುವುದು ಬೇಡ, ನೇರ ಸೇರಿಸಿ. ಎರಡನೆಯದನ್ನು ಡೇಟಾಬೇಸ್ ತಾನೇ ತಡೆಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ 1062, ಪೋಸ್ಟ್‌ಗ್ರೆಸ್‌ನಲ್ಲಿ 23505 ಅಂತ ದೋಷ ಸಂಖ್ಯೆ ಬರುತ್ತದೆ. ಪೋಸ್ಟ್‌ಗ್ರೆಸ್ 9.5ರಿಂದ ಈಚೆಗೆ "ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್" ಅಂತ ಬರೆದರೆ ದೋಷವೂ ಬಾರದೆ ಸುಮ್ಮನೆ ಬಿಟ್ಟುಬಿಡುತ್ತದೆ.

ಎರಡನೇ ವಿನಂತಿಗೆ ಏನು ಉತ್ತರ ಕೊಡಬೇಕು? "ತಪ್ಪಾಗಿದೆ" ಅಂತ ದಯವಿಟ್ಟು ಹೇಳಬೇಡಿ. ಗಿರಾಕಿಯ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಕೊನೆಯ ಉತ್ತರ. ಮೊದಲನೆಯದು ಗೆದ್ದಿದ್ದರೂ ಅವರಿಗೆ ಸೋಲು ಕಂಡರೆ ಮೂರನೇ ಸಲ ತುಂಬುತ್ತಾರೆ. ಮೊದಲನೆಯ ದಾಖಲೆಯ ಬುಕಿಂಗ್ ನಂಬರ್ ಹುಡುಕಿ ಅದನ್ನೇ ತೋರಿಸಿ. ಅದೇ ಚೀಟಿಯಲ್ಲಿ ಬೇರೆ ವಿವರ ಬಂದರೆ ಮಾತ್ರ, ಅಂದರೆ ಹಿಂದೆ ಹೋಗಿ ದಿನಾಂಕ ತಿದ್ದಿ ಕಳಿಸಿದ್ದರೆ, "ನಿಮ್ಮ ಹಿಂದಿನ ಬುಕಿಂಗ್ ಬದಲಾಯಿಸಬೇಕಾ, ಹೊಸದು ಬೇಕಾ?" ಅಂತ ಕೇಳಿ.

ಎರಡು ಕಡೆ ಎಚ್ಚರ ಬೇಕು. ವರ್ಡ್‌ಪ್ರೆಸ್‌ನಲ್ಲಿ ಕ್ಯಾಶ್ ಪ್ಲಗಿನ್ (ಪುಟದ ನಕಲು ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಕೊಡುವಂಥದ್ದು) ಹಾಕಿದ್ದರೆ ಫಾರಂ ಪುಟ ಚೀಟಿಯ ಸಮೇತ ಉಳಿದುಬಿಡುತ್ತದೆ. ಎಲ್ಲ ಗಿರಾಕಿಗಳಿಗೂ ಒಂದೇ ಚೀಟಿ! ಮೊದಲನೆಯವರ ಬುಕಿಂಗ್ ಆಗುತ್ತದೆ, ಉಳಿದವರದ್ದು ಸದ್ದಿಲ್ಲದೆ ಬಿದ್ದುಹೋಗುತ್ತದೆ, ಮೇಲಾಗಿ ಅವರಿಗೆ ಬೇರೆಯವರ ಬುಕಿಂಗ್ ವಿವರ ಕಾಣುತ್ತದೆ. ಡಬಲ್‌ಗಿಂತ ಇದು ಕೆಟ್ಟದ್ದು. ಫಾರಂ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ, ಎರಡು ಬೇರೆ ಫೋನ್‌ನಲ್ಲಿ ತೆರೆದು ಚೀಟಿ ಬೇರೆ ಇದೆಯಾ ಅಂತ ಕಣ್ಣಾರೆ ನೋಡಿ. ಮತ್ತೊಂದು, ಚೀಟಿಯ ಬದಲು ಫೋನ್ ನಂಬರನ್ನೇ ಯುನೀಕ್ ಮಾಡುವ ಆಸೆಗೆ ಬೀಳಬೇಡಿ. ಒಂದೇ ಫೋನ್‌ನಲ್ಲಿ ಮನೆಮಂದಿಯೆಲ್ಲ ಅರ್ಜಿ ಹಾಕುವುದು ನಮ್ಮ ಹಳ್ಳಿಗಳಲ್ಲಿ ಮಾಮೂಲು. ಅಣ್ಣನ ಅರ್ಜಿ ಹೋಗಿ ತಂಗಿಯದ್ದು ನಿಂತುಹೋದರೆ ಅದು ಅನ್ಯಾಯ.

## ಲಕ್ಷಣ: ಹಣವೇ ಎರಡು ಸಲ ಹೋಗಿದೆ

ಇಲ್ಲಿ ಪ್ರಯೋಗ ಮಾಡಬೇಡಿ. ಮೊದಲು ಎರಡೂ ವಹಿವಾಟು ನಿಜವಾಗಿ ಯಶಸ್ವಿ ಆಗಿವೆಯಾ ಅಂತ ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ನೋಡಿ. ಗಿರಾಕಿಯಿಂದ ಯುಪಿಐನ 12 ಅಂಕಿಯ ಉಲ್ಲೇಖ ಸಂಖ್ಯೆ ಕೇಳಿ. ಎರಡಕ್ಕೂ ಬೇರೆ ಬೇರೆ ಸಂಖ್ಯೆ ಇರಬೇಕು. ಒಂದೇ ಸಂಖ್ಯೆಗೆ ಎರಡು ಎಸ್ಎಂಎಸ್ ಬಂದಿದ್ದರೆ ಹಣ ಒಂದೇ ಸಲ ಹೋಗಿದೆ.

ಖಾತೆಯಿಂದ ಹಣ ಕಡಿತ ಆಗಿ ಅಂಗಡಿಗೆ ಖಾತ್ರಿ ಬಾರದಿದ್ದರೆ, ರಿಸರ್ವ್ ಬ್ಯಾಂಕ್‌ನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಯುಪಿಐನಲ್ಲಿ ವಹಿವಾಟಿನ ದಿನದಿಂದ 5 ದಿನದೊಳಗೆ ಅದು ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. ಆದರೆ ಇದು ವಿಫಲವಾದ ವಹಿವಾಟಿಗೆ ಮಾತ್ರ. ಎರಡೂ ಯಶಸ್ವಿ ಆಗಿದ್ದರೆ ಬ್ಯಾಂಕ್ ತಾನಾಗಿ ವಾಪಸ್ ಮಾಡುವುದಿಲ್ಲ, ಹಣ ನಿಮ್ಮ ಹತ್ತಿರ ಇದೆ, ನೀವೇ ಗೇಟ್‌ವೇ ಮೂಲಕ ವಾಪಸ್ ಮಾಡಬೇಕು. ಗಿರಾಕಿ ಕೇಳುವವರೆಗೆ ಕಾಯಬೇಡಿ, ಅದೇ ದಿನ ಮಾಡಿ ಫೋನ್ ಮಾಡಿ ಹೇಳಿ.

ಗಿರಾಕಿಗೆ ಇನ್ನೊಂದನ್ನೂ ಹೇಳಿ. ರೀಫಂಡ್ ಕೊಡುತ್ತೇವೆ ಅಂತ ಯಾರಾದರೂ ಫೋನ್ ಮಾಡಿ ಪಿನ್ ಹಾಕಲು ಹೇಳಿದರೆ ಅದು ವಂಚನೆ. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಹಣ ಕಳೆದುಕೊಂಡರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ನಮ್ಮ ಕಡೆಯವರಿಗೆ ನಾನು ಹೇಳಿಕೊಡುವುದು ಹೀಗೆ: ಮುಳ್ಳಯ್ಯನಗಿರಿ ಎಷ್ಟು ಮೀಟರ್ ಎತ್ತರ? 1930. ಅದೇ ನಂಬರ್.

ಕೋಡ್ ಕಡೆ ನೋಡಬೇಕಾದ್ದು ಎರಡು. ಒಂದು ಬುಕಿಂಗ್‌ಗೆ ಗೇಟ್‌ವೇಯಲ್ಲಿ ಒಂದೇ ಆರ್ಡರ್ ಐಡಿ ಇರಬೇಕು. ಬಟನ್ ಒತ್ತಿದಾಗಲೆಲ್ಲ ಹೊಸ ಆರ್ಡರ್ ಹುಟ್ಟುತ್ತಿದ್ದರೆ ಡಬಲ್ ಪಾವತಿ ಇವತ್ತಲ್ಲ ನಾಳೆ ಆಗುತ್ತದೆ. ಮತ್ತೆ, "ಹಣ ಬಂತು" ಅಂತ ಗೇಟ್‌ವೇ ಕಳಿಸುವ ವೆಬ್‌ಹುಕ್ ಒಂದೇ ಸಲ ಬರುತ್ತದೆ ಅಂತ ನಂಬಬೇಡಿ. ನಿಮ್ಮ ಸರ್ವರ್ ಸರಿಯಾಗಿ ಉತ್ತರಿಸದಿದ್ದರೆ ಅವರು ಮತ್ತೆ ಕಳಿಸುತ್ತಾರೆ. ಆ ಘಟನೆಯ ಐಡಿಗೂ ಯುನೀಕ್ ಕಾಲಂ ಇಡಿ. ಇವೆರಡನ್ನು ಮೊದಲ ಸಲ ಮಾಡುತ್ತಿದ್ದರೆ ಅನುಭವ ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

## ಆಗಲೇ ಆಗಿರುವ ಡಬಲ್‌ಗಳು

ಯುನೀಕ್ ನಿರ್ಬಂಧ ಹಾಕುವ ಮೊದಲು ಹಳೆಯ ಸಾಲುಗಳಿಗೂ ತಲಾ ಒಂದು ಚೀಟಿ ನಂಬರ್ ತುಂಬಿ. ಆಮೇಲೆ ಹೆಸರು, ದಿನಾಂಕ ಒಂದೇ ಇರುವ ಜೋಡಿಗಳ ಪಟ್ಟಿ ತೆಗೆಯಿರಿ. ಅಳಿಸುವ ಬದಲು "ನಕಲು" ಅಂತ ಗುರುತು ಹಾಕಿ. ಅನುಮಾನ ಇದ್ದ ಕಡೆ ಫೋನ್ ಮಾಡಿ ಕೇಳಿ. ನನ್ನ ಪಟ್ಟಿಯಲ್ಲಿ ಡಬಲ್ ಅಂತ ಕಂಡ ಒಂದು ಜೋಡಿ ಡಬಲ್ ಆಗಿರಲಿಲ್ಲ. ಒಬ್ಬರೇ ತಮಗೊಂದು, ಅತ್ತೆ ಮಾವನಿಗೊಂದು ಅಂತ ಬೇಕೆಂದೇ ಎರಡು ರೂಮು ಹಿಡಿದಿದ್ದರು.

ಆ ಅಕ್ಕನ ಫಾರಂಗೆ ಚೀಟಿ ಕಟ್ಟಿದ ಮೇಲೆ ಪರೀಕ್ಷೆಗೆ ಕೊಟ್ಟಿಗೆಹಾರಕ್ಕೆ ಹೋದೆ. ಮಳೆ ಸುರಿಯುತ್ತಿತ್ತು, ಫೋನ್‌ನಲ್ಲಿ ಒಂದೇ ಕಡ್ಡಿ ಸಿಗ್ನಲ್. ನೀರುದೋಸೆಗೆ ಹೇಳಿ, ಬುಕಿಂಗ್ ಫಾರಂ ತುಂಬಿ, ಬೇಕೆಂದೇ ಐದು ಸಲ ಒತ್ತಿದೆ. ದೋಸೆ ಬರುವ ಹೊತ್ತಿಗೆ ಅಕ್ಕನ ಫೋನ್ ಬಂತು. "ಒಂದು ಬುಕಿಂಗ್ ಬಂದಿದೆ ತಮ್ಮಾ, ನಿನ್ನ ಹೆಸರಲ್ಲಿ" ಅಂದರು. ಇನ್ನೂ ಬರುತ್ತಾ ನೋಡಿ ಅಂದೆ. ಹತ್ತು ನಿಮಿಷ ಕಾದರು. ಬರಲಿಲ್ಲ.